ನಮ್ಮ ಜಾಲತಾಣಕ್ಕೆ ಸಮವಸ್ತ್ರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಹಬ್ಬದ ನೆಪದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗ ಒಂದು ಜಾಲತಾಣ ಮಾಡಿದೆ. 50 ವರ್ಷಗಳಲ್ಲಿ ಇಲ್ಲಿ ಓದಿದವರ ಹೆಸರು, ಶಾಲೆಗೆ ಸೇರಿದ ವರ್ಷ, ಈಗ ಇರುವ ಊರು, ಇಷ್ಟನ್ನು ಒಂದು ಕಡೆ ಸೇರಿಸಬೇಕು, ಯಾರು ಬೇಕಾದರೂ ತಮ್ಮ ಫೋನಿನಲ್ಲೇ ತಮ್ಮ ಹೆಸರನ್ನು ಹುಡುಕಿಕೊಳ್ಳಬೇಕು ಎನ್ನುವುದು ಅದರ ಉದ್ದೇಶ. ಇದನ್ನು ಹೇಗೆ ಮಾಡಿದಿರಿ, ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿ ಎಂದು ಸಮಿತಿಯವರು ನನಗೆ ಒಪ್ಪಿಸಿದ್ದಾರೆ. ಪೂರ್ತಿ ಹೇಳುತ್ತಾ ಹೋದರೆ ಅಲ್ಲಿ ಊಟ ಆರಿ ಹೋಗುತ್ತದೆ. ಆದ್ದರಿಂದ ಒಂದೇ ಒಂದು ಭಾಗವನ್ನು ಆರಿಸಿಕೊಂಡಿದ್ದೇನೆ. ಕೆಲಸ ಮಾಡುವ ಒಂದು ವೆಬ್ ಅಪ್ಲಿಕೇಷನ್ನಿಗೆ ನೋಡಲು ಯೋಗ್ಯವಾದ ಹೊರರೂಪ ಕೊಡುವುದು ಹೇಗೆ ಎನ್ನುವ ಭಾಗ. ಇದು ಬರೀ ಅಲಂಕಾರದ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಯಾರು ಈ ಪಟ್ಟಿಯೊಳಗೆ ಸುಲಭವಾಗಿ ಬರುತ್ತಾರೆ, ಯಾರು ಬಾಗಿಲಲ್ಲೇ ನಿಂತುಬಿಡುತ್ತಾರೆ ಎನ್ನುವುದು ಎಷ್ಟೋ ಸಲ ಈ ಹೊರರೂಪದಲ್ಲೇ ತೀರ್ಮಾನವಾಗುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಮೊದಲು ಒಳಗಿನ ಯಂತ್ರದ ಬಗ್ಗೆ ಎರಡು ಮಾತು. ನಮ್ಮ ತಾಣ ಬರೆದಿರುವುದು ರೂಬಿ ಎಂಬ ಭಾಷೆಯಲ್ಲಿ. ಜಪಾನಿನ ಯುಕಿಹಿರೊ ಮಾಟ್ಸುಮೊಟೊ ಎಂಬುವರು 1993ರಲ್ಲಿ ಇದನ್ನು ರೂಪಿಸಲು ಶುರುಮಾಡಿ 1995ರಲ್ಲಿ ಜನರ ಕೈಗೆ ಕೊಟ್ಟರು. ರೂಬಿ ಎಂದರೆ ಮಾಣಿಕ್ಯ, ಕೆಂಪು ಹರಳು. ಅದಕ್ಕೇ ಈ ಭಾಷೆಯಲ್ಲಿ ಬರೆದು ಹಂಚುವ ಸಣ್ಣ ಸಣ್ಣ ಸಿದ್ಧ ತುಣುಕುಗಳಿಗೆ ಜೆಮ್, ಅಂದರೆ ರತ್ನ ಎಂದು ಹೆಸರು. ಡೆನ್ಮಾರ್ಕಿನ ಡೇವಿಡ್ ಹೈನೆಮಯರ್ ಹ್ಯಾನ್ಸನ್ ಅವರು ಬೇಸ್‌ಕ್ಯಾಂಪ್ ಎಂಬ ತಂತ್ರಾಂಶ ಬರೆಯುವಾಗ, ಪ್ರತಿಯೊಂದು ವೆಬ್ ಅಪ್ಲಿಕೇಷನ್ನಿಗೂ ಬೇಕಾಗುವ ಸಾಮಾನ್ಯ ಭಾಗಗಳನ್ನು ಬೇರ್ಪಡಿಸಿ 2004ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ರೂಬಿ ಆನ್ ರೈಲ್ಸ್. ಚಿಕ್ಕದಾಗಿ ರೈಲ್ಸ್ ಎನ್ನುತ್ತೇವೆ.

ರೈಲ್ಸ್ ನಮ್ಮ ಶಾಲೆಯ ಕಚೇರಿ ಇದ್ದ ಹಾಗೆ. ಅರ್ಜಿ ಬಂದರೆ ತೆಗೆದುಕೊಳ್ಳುತ್ತದೆ, ಸರಿಯಾಗಿ ತುಂಬಿದೆಯೇ ನೋಡುತ್ತದೆ, ರಿಜಿಸ್ಟರಿನಲ್ಲಿ ಬರೆಯುತ್ತದೆ, ಕೇಳಿದಾಗ ಹುಡುಕಿ ಕೊಡುತ್ತದೆ. ನೋಡಲು ಹೇಗಿರಬೇಕು ಎಂಬ ವಿಷಯಕ್ಕೆ ಮಾತ್ರ ಅದು ತಲೆಹಾಕುವುದಿಲ್ಲ. ಹೊಸದಾಗಿ ಮಾಡಿದ ಪುಟ ತೆರೆದರೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ನೀಲಿ ಬಣ್ಣದ ಕೊಂಡಿಗಳು, ಅಂಚಿಗೆ ಅಂಟಿಕೊಂಡ ಪಟ್ಟಿ. ಎಲ್ಲ ಕೆಲಸವೂ ಆಗುತ್ತದೆ. ಆದರೆ ನೋಡಿದವರಿಗೆ ಯಾವುದು ಶೀರ್ಷಿಕೆ, ಯಾವುದನ್ನು ಒತ್ತಬೇಕು, ತುಂಬಿದ ಅರ್ಜಿ ಹೋಯಿತೋ ಇಲ್ಲವೋ ಎಂದು ತಿಳಿಯುವುದಿಲ್ಲ.

ಪುಟದ ರೂಪವನ್ನು ಹೇಳುವ ಭಾಷೆಯೇ ಬೇರೆ. ಅದಕ್ಕೆ ಸಿಎಸ್ಎಸ್ ಎನ್ನುತ್ತಾರೆ. ನಾರ್ವೆಯ ಹೋಕನ್ ವಿಯಮ್ ಲೀ 1994ರಲ್ಲಿ ಇದರ ಪ್ರಸ್ತಾಪ ಮುಂದಿಟ್ಟರು, 1996ರ ಕೊನೆಗೆ ಅದರ ಮೊದಲ ಮಟ್ಟ ಅಂಗೀಕಾರವಾಯಿತು. ವಿಷಯ ಒಂದು ಕಡೆ, ಅದರ ಬಣ್ಣ, ಅಳತೆ, ಅಂತರ ಇನ್ನೊಂದು ಕಡೆ ಎಂಬುದು ಅದರ ಮೂಲ ವಿಚಾರ. ಈ ಸಿಎಸ್ಎಸ್ ಅನ್ನು ಒಂದೊಂದು ಸಾಲಾಗಿ ನಾವೇ ಬರೆಯಬಹುದು. ಆದರೆ ಒಂದು ಗುಂಡಿ ಚೆನ್ನಾಗಿ ಕಾಣಬೇಕೆಂದರೆ ಅದರ ಬಣ್ಣ, ಅಂಚು, ಒತ್ತಿದಾಗಿನ ಬಣ್ಣ, ಒತ್ತಲು ಬಾರದಿದ್ದಾಗಿನ ಬಣ್ಣ ಎಲ್ಲವನ್ನೂ ಬರೆಯಬೇಕು. ಆಮೇಲೆ ಪಟ್ಟಿಗೆ, ಅರ್ಜಿಗೆ, ಮೆನುವಿಗೆ. ಆಮೇಲೆ ಇದೆಲ್ಲ ದೊಡ್ಡ ಪರದೆಯಲ್ಲೂ ಅಂಗೈಯಗಲದ ಫೋನಿನಲ್ಲೂ ಸರಿಬರಬೇಕು. ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಬಿಡುವಿನಲ್ಲಿ ಇದಕ್ಕೆ ಕೂತ ನಾಲ್ಕೈದು ಜನರ ಕೈಲಿ ಅದು ಆಗುವ ಮಾತಲ್ಲ.

ಇಂಥ ಕಷ್ಟ ಎಲ್ಲರಿಗೂ ಇತ್ತು. ಟ್ವಿಟರ್ ಕಂಪನಿಯಲ್ಲಿದ್ದ ಮಾರ್ಕ್ ಓಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ಎಂಬಿಬ್ಬರು, ಕಂಪನಿಯ ಒಳಗಿನ ಉಪಯೋಗಕ್ಕೆ ಬೇರೆ ಬೇರೆಯವರು ಮಾಡುವ ತಂತ್ರಾಂಶಗಳೆಲ್ಲ ಒಂದೇ ರೀತಿ ಕಾಣಲಿ ಎಂದು ಸಿದ್ಧ ಸಿಎಸ್ಎಸ್‌ನ ಒಂದು ಕಟ್ಟು ಮಾಡಿಕೊಂಡರು. 2011ರ ಆಗಸ್ಟ್‌ನಲ್ಲಿ ಅದನ್ನು ಬೂಟ್‌ಸ್ಟ್ರ್ಯಾಪ್ ಎಂಬ ಹೆಸರಿನಲ್ಲಿ ಹೊರಗೆ ಬಿಟ್ಟರು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಬದಲಿಸಬಹುದು. ಟ್ವಿಟರ್ ಕೂಡ ಮೊದಲು ಕಟ್ಟಿದ್ದು ರೈಲ್ಸ್‌ನಲ್ಲೇ. ಹೀಗಾಗಿ ಇವೆರಡಕ್ಕೂ ಹಳೆಯ ನೆಂಟಸ್ತಿಕೆ ಇದೆ.

ಇದನ್ನು ನಾನು ಸಮವಸ್ತ್ರ ಎನ್ನುತ್ತೇನೆ. ಈ ಶಾಲೆಯಲ್ಲಿ ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಸಮವಸ್ತ್ರ ಹಾಕಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ ನಿಜ, ಆದರೆ ಬೆಳಗ್ಗೆ ಎದ್ದು ಏನು ಹಾಕಿಕೊಳ್ಳಲಿ ಎಂದು ಯೋಚಿಸುವುದು ತಪ್ಪುತ್ತದೆ. ಬೂಟ್‌ಸ್ಟ್ರ್ಯಾಪ್ ಹಾಕಿದ ಜಾಲತಾಣಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಎಂದು ದೂರುವವರಿದ್ದಾರೆ. ನಮ್ಮ ಕೆಲಸಕ್ಕೆ ಅದು ಗುಣವೇ. ಬೇರೆ ಎಲ್ಲೋ ಬ್ಯಾಂಕಿನ, ಬಸ್ಸಿನ ತಾಣದಲ್ಲಿ ಅರ್ಜಿ ತುಂಬಿ ಅಭ್ಯಾಸವಾದವರಿಗೆ ಇಲ್ಲಿಯೂ ಗುಂಡಿ ಗುಂಡಿಯ ಹಾಗೆಯೇ, ತಪ್ಪಿನ ಸೂಚನೆ ತಪ್ಪಿನ ಸೂಚನೆಯ ಹಾಗೆಯೇ ಕಂಡರೆ ಒಳ್ಳೆಯದು.

ಬೂಟ್‌ಸ್ಟ್ರ್ಯಾಪ್‌ನ ಬೆನ್ನೆಲುಬು ಎಂದರೆ ಅದರ 12 ಅಂಕಣಗಳು. ಪುಟದ ಅಗಲವನ್ನು ಅದು 12 ಸಮಭಾಗ ಮಾಡುತ್ತದೆ. 12 ಏಕೆ? ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, ತಪ್ಪಿದರೆ ತಿದ್ದಲಿ. 12ನ್ನು 2, 3, 4, 6 ಎಲ್ಲದರಿಂದಲೂ ಶೇಷವಿಲ್ಲದೆ ಭಾಗಿಸಬಹುದು. 10 ಆಗಿದ್ದರೆ ಮೂವರಿಗೆ ಹಂಚಲು ಆಗುತ್ತಿರಲಿಲ್ಲ. ನಮ್ಮ ತಾಣದಲ್ಲಿ ಒಬ್ಬೊಬ್ಬ ಹಳೆಯ ವಿದ್ಯಾರ್ಥಿಗೂ ಒಂದು ಚಿಕ್ಕ ಚೌಕ ಇದೆ. ಆ ಚೌಕಕ್ಕೆ ನಾವು ಮೂರು ಮಾತು ಹೇಳಿದ್ದೇವೆ: ಫೋನಿನಲ್ಲಿ 12 ಅಂಕಣವನ್ನೂ ನೀನೇ ತೆಗೆದುಕೋ, ಪರದೆ 768 ಪಿಕ್ಸೆಲ್ ಅಗಲವಾದರೆ 6 ತೆಗೆದುಕೋ, 992 ಆದರೆ 3 ಸಾಕು. ಹೀಗೆ ಫೋನಿನಲ್ಲಿ ಒಂದರ ಕೆಳಗೊಂದು, ಟ್ಯಾಬ್‌ನಲ್ಲಿ ಎರಡೆರಡು, ಕಂಪ್ಯೂಟರಿನಲ್ಲಿ ಸಾಲಿಗೆ ನಾಲ್ಕು ಹೆಸರು ತಾನಾಗಿಯೇ ಕೂರುತ್ತವೆ. 2013ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಬೂಟ್‌ಸ್ಟ್ರ್ಯಾಪ್ ಮೊದಲು ಫೋನಿಗೆ ಲೆಕ್ಕ ಹಾಕಿ ಆಮೇಲೆ ದೊಡ್ಡ ಪರದೆಗೆ ಹೋಗುತ್ತದೆ. ನಮ್ಮ ಊರಿನಲ್ಲಿ ಕಂಪ್ಯೂಟರ್ ಇರುವ ಮನೆಗಳಿಗಿಂತ ಫೋನ್ ಇರುವ ಮನೆಗಳೇ ಹೆಚ್ಚು. ಆದ್ದರಿಂದ ಈ ಕ್ರಮ ನಮಗೆ ಹೇಳಿ ಮಾಡಿಸಿದ ಹಾಗಿದೆ.

ಇದನ್ನು ರೈಲ್ಸ್‌ಗೆ ಸೇರಿಸುವುದು ಹೇಗೆ? ಮುಖ್ಯವಾಗಿ ಮೂರು ದಾರಿ.

ಮೊದಲನೆಯದು, ಎಲ್ಲೋ ಹೊರಗಿನ ಸರ್ವರಿನಲ್ಲಿ ಇಟ್ಟಿರುವ ಬೂಟ್‌ಸ್ಟ್ರ್ಯಾಪ್ ಕಡತಕ್ಕೆ ನಮ್ಮ ಪುಟದ ತಲೆಯಲ್ಲಿ ಒಂದು ಸಾಲಿನ ಕೊಂಡಿ ಕೊಡುವುದು. ಐದು ನಿಮಿಷದ ಕೆಲಸ. ಪಕ್ಕದ ಮನೆಯ ಬಾವಿಯಿಂದ ನೀರು ಸೇದಿದ ಹಾಗೆ. ಇವತ್ತಿಗೆ ಸುಲಭ, ಆದರೆ ಬಾವಿಯ ಮೇಲೆ ನಮ್ಮ ಅಧಿಕಾರ ಇಲ್ಲ, ನೀರಿನ ರುಚಿಯನ್ನೂ ಬದಲಿಸಲು ಬರುವುದಿಲ್ಲ.

ಎರಡನೆಯದು, ಬೂಟ್‌ಸ್ಟ್ರ್ಯಾಪ್ ಎಂಬ ಹೆಸರಿನ ಜೆಮ್ ಅನ್ನೇ ತರಿಸಿಕೊಳ್ಳುವುದು. ನಮ್ಮ ಅಪ್ಲಿಕೇಷನ್ನಿಗೆ ಬೇಕಾದ ಜೆಮ್‌ಗಳ ಪಟ್ಟಿ ಜೆಮ್‌ಫೈಲ್ ಎಂಬ ಕಡತದಲ್ಲಿರುತ್ತದೆ, ದಿನಸಿ ಚೀಟಿಯ ಹಾಗೆ. ಅದರಲ್ಲಿ ಹೆಸರು ಬರೆದು ಬಂಡಲ್ ಇನ್‌ಸ್ಟಾಲ್ ಎಂಬ ಆಜ್ಞೆ ಕೊಟ್ಟರೆ ಸಾಮಾನು ಬರುತ್ತದೆ.

ಮೂರನೆಯದು, ನಾವು ಹಿಡಿದ ದಾರಿ. 2021ರ ಡಿಸೆಂಬರಿನಲ್ಲಿ ರೈಲ್ಸ್‌ನ ಏಳನೇ ಆವೃತ್ತಿ ಬಂದಿತು. ಅದರ ಜೊತೆಗೆ ಸಿಎಸ್ಎಸ್ ಬಂಡ್ಲಿಂಗ್ ಎಂಬ ಜೆಮ್ ಬಂದಿತು. ಹೊಸ ಅಪ್ಲಿಕೇಷನ್ ಶುರುಮಾಡುವಾಗಲೇ ಬೂಟ್‌ಸ್ಟ್ರ್ಯಾಪ್ ಬೇಕು ಎಂದು ಹೇಳಿಬಿಡಬಹುದು. ಈಗಾಗಲೇ ನಡೆಯುತ್ತಿರುವ ಅಪ್ಲಿಕೇಷನ್ನಿಗೂ ಆ ಜೆಮ್ ಹಾಕಿ ಒಂದು ಆಜ್ಞೆ ಕೊಟ್ಟರೆ ಆಗುತ್ತದೆ. ಅದು ಬೂಟ್‌ಸ್ಟ್ರ್ಯಾಪ್ ಅನ್ನು ಮೂಲದಿಂದಲೇ ತರಿಸಿ, ಅದನ್ನು ಸೇರಿಸಿಕೊಳ್ಳುವ ಒಂದು ಚಿಕ್ಕ ಕಡತವನ್ನು ನಮ್ಮ ಕೈಗೆ ಕೊಡುತ್ತದೆ. ಆ ಚಿಕ್ಕ ಕಡತ ನಮ್ಮದು. ಅದರಿಂದ ಬ್ರೌಸರಿಗೆ ಅರ್ಥವಾಗುವ ಸಿಎಸ್ಎಸ್ ತಯಾರಾಗಿ ಬೇರೆ ಕಡೆ ಬೀಳುತ್ತದೆ. ಇದಕ್ಕೆ ಕಂಪ್ಯೂಟರಿನಲ್ಲಿ ನೋಡ್ ಎಂಬ ಇನ್ನೊಂದು ತಂತ್ರಾಂಶ ಇರಬೇಕು. ಕೆಲಸ ಮಾಡುವಾಗ ಬರೀ ಸರ್ವರ್ ಓಡಿಸಿದರೆ ಸಾಲದು, ಬಿನ್ ಡೆವ್ ಎಂಬ ಆಜ್ಞೆ ಕೊಡಬೇಕು. ಆಗ ಮಾತ್ರ ನಾವು ತಿದ್ದಿದ ಕೂಡಲೇ ಹೊಸ ಸಿಎಸ್ಎಸ್ ತಯಾರಾಗುತ್ತದೆ. ಬಣ್ಣ ಬದಲಿಸಿದೆ, ಪುಟ ಬದಲಾಗಲಿಲ್ಲ ಎಂದು ತಲೆ ಕೆರೆದುಕೊಳ್ಳುವ ಹೊಸಬರಿಗೆ ನಾನು ಮೊದಲು ಕೇಳುವುದೇ ಇದನ್ನು.

ಇಲ್ಲಿ ಮಕ್ಕಳಿಗೊಂದು ಕಿವಿಮಾತು. ಇವತ್ತು ಏನೇ ಕೇಳಿದರೂ ಅಂತರ್ಜಾಲದಲ್ಲಿ ಉತ್ತರ ಸಿಗುತ್ತದೆ. ಆದರೆ ಆ ಉತ್ತರ ಯಾವ ವರ್ಷದ್ದು ಎಂದು ನೋಡಿ. ಸಿಎಸ್ಎಸ್ ಕಡತಗಳನ್ನು ರೈಲ್ಸ್ ನಿಭಾಯಿಸುವ ಬಗೆ 2011ರಲ್ಲಿ ಒಂದಿತ್ತು, 2019ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್‌ಗೆ ಬೇರೆಯ ವ್ಯವಸ್ಥೆ ಬಂತು, ಏಳರಲ್ಲಿ ಅದೂ ಬದಲಾಯಿತು, 2024ರ ಎಂಟನೇ ಆವೃತ್ತಿಯಲ್ಲಿ ಪ್ರಾಪ್‌ಶಾಫ್ಟ್ ಎಂಬ ಹೊಸ ವ್ಯವಸ್ಥೆ ಕೂತಿತು. ಬೂಟ್‌ಸ್ಟ್ರ್ಯಾಪ್ ಕೂಡ ಹಾಗೆಯೇ. 2018ರ ನಾಲ್ಕನೇ ಆವೃತ್ತಿಯವರೆಗೆ ಅದಕ್ಕೆ ಜೆಕ್ವೆರಿ ಎಂಬ ಇನ್ನೊಂದು ತಂತ್ರಾಂಶದ ಆಸರೆ ಬೇಕಿತ್ತು. 2021ರ ಐದನೇ ಆವೃತ್ತಿಯಲ್ಲಿ ಅದನ್ನು ಬಿಟ್ಟರು. ಅದರ ಜೊತೆಗೆ ಹಲವು ಗುರುತುಗಳ ಹೆಸರೂ ಬದಲಾದವು. ನಾಲ್ಕನೆಯದಕ್ಕೆ ಬರೆದ ಮೆನುವನ್ನು ಹಾಗೇ ತಂದು ಐದನೆಯದರಲ್ಲಿ ಅಂಟಿಸಿದರೆ ನೋಡಲು ಸರಿಯಾಗೇ ಇರುತ್ತದೆ, ಒತ್ತಿದರೆ ಮಾತ್ರ ತೆರೆಯುವುದಿಲ್ಲ. ಎಲ್ಲಿಯೂ ತಪ್ಪಿನ ಸೂಚನೆ ಇರುವುದಿಲ್ಲ. ಹಳೆಯ ಪಠ್ಯಪುಸ್ತಕ ಓದಿ ಹೊಸ ಪಠ್ಯಕ್ರಮದ ಪರೀಕ್ಷೆ ಬರೆದ ಹಾಗೆ. ಆದ್ದರಿಂದ ಉತ್ತರ ಹುಡುಕುವ ಮೊದಲು ನಮ್ಮ ರೈಲ್ಸ್ ಯಾವ ಆವೃತ್ತಿ, ನಮ್ಮ ಬೂಟ್‌ಸ್ಟ್ರ್ಯಾಪ್ ಯಾವ ಆವೃತ್ತಿ ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸಮವಸ್ತ್ರದ ಬಟ್ಟೆಯನ್ನು ಟೈಲರ್ ಹತ್ತಿರ ಕೊಡುವಾಗ ನಮ್ಮ ಅಮ್ಮಂದಿರು ಏನು ಹೇಳುತ್ತಿದ್ದರು? ಬೆಳೆಯೋ ಮಗು, ಸ್ವಲ್ಪ ಮಡಚಿ ಹೊಲೀರಿ ಎನ್ನುತ್ತಿದ್ದರು. ಉದ್ದ ಹೆಚ್ಚಾಯಿತೆಂದು ಯಾರೂ ಬಟ್ಟೆ ಕತ್ತರಿಸುತ್ತಿರಲಿಲ್ಲ. ಅಂಚನ್ನು ಒಳಕ್ಕೆ ಮಡಚಿ ಹೊಲಿಸಿ, ಮುಂದಿನ ವರ್ಷ ಹೊಲಿಗೆ ಬಿಚ್ಚಿ ಇಳಿಸುತ್ತಿದ್ದರು. ಬೂಟ್‌ಸ್ಟ್ರ್ಯಾಪ್ ಹಾಕುವುದರಲ್ಲಿ ಇರುವ ಜಾಣತನವೆಲ್ಲ ಇಷ್ಟೇ. ಅದರ ಮೂಲ ಕಡತಕ್ಕೆ ಕತ್ತರಿ ಹಾಕಬೇಡಿ. ನಿಮಗೆ ಬೇಕಾದ ಬದಲಾವಣೆಯನ್ನು ಬೇರೆ ಕಡೆ, ನಿಮ್ಮದೇ ಕಡತದಲ್ಲಿ ಬರೆಯಿರಿ.

ಅದಕ್ಕೆ ಅನುಕೂಲ ಮಾಡಿಕೊಡುವುದು ಸ್ಯಾಸ್ ಎಂಬ ಭಾಷೆ. ಸಿಎಸ್ಎಸ್ ಬರೆಯುವುದನ್ನು ಸುಲಭ ಮಾಡಲು 2006ರಲ್ಲಿ ಹ್ಯಾಂಪ್ಟನ್ ಕ್ಯಾಟ್ಲಿನ್ ಎಂಬುವರು ಇದನ್ನು ಯೋಚಿಸಿದರು. ಸ್ಯಾಸ್ ಮೊದಲು ಹುಟ್ಟಿದ್ದು ರೂಬಿಯಲ್ಲೇ. ಈಗ ಆ ರೂಬಿ ರೂಪ ನಿಂತು ಬೇರೆ ರೂಪ ಬಂದಿದೆ. ಬೂಟ್‌ಸ್ಟ್ರ್ಯಾಪ್ ತನ್ನ ಬಣ್ಣ, ಅಕ್ಷರದ ಅಳತೆ, ಸಾಲಿನ ಅಂತರ ಎಲ್ಲದಕ್ಕೂ ಸ್ಯಾಸ್‌ನಲ್ಲಿ ಒಂದೊಂದು ಹೆಸರು ಇಟ್ಟಿದೆ. ಪ್ರತಿಯೊಂದು ಹೆಸರಿನ ಪಕ್ಕದಲ್ಲೂ ಡಿಫಾಲ್ಟ್ ಎಂಬ ಗುರುತು ಇದೆ. ಅದರ ಅರ್ಥ, ಈಗಾಗಲೇ ಯಾರೂ ಏನೂ ಹೇಳಿಲ್ಲದಿದ್ದರೆ ಮಾತ್ರ ನನ್ನ ಮಾತು ನಡೆಯಲಿ ಎಂದು. ಬಹಳ ವಿನಯದ ಗುರುತು ಅದು. ಆದ್ದರಿಂದ ನಮ್ಮ ಕಡತದಲ್ಲಿ ಬೂಟ್‌ಸ್ಟ್ರ್ಯಾಪ್ ಅನ್ನು ಕರೆಯುವ ಸಾಲಿಗಿಂತ ಮೇಲೆ, ಮುಖ್ಯ ಬಣ್ಣ ಇದು ಎಂದು ಬರೆದರೆ ಸಾಕು. ಗುಂಡಿ, ಕೊಂಡಿ, ಮೆನು ಎಲ್ಲವೂ ಆ ಬಣ್ಣಕ್ಕೆ ತಿರುಗುತ್ತವೆ. ಕೆಳಗೆ ಬರೆದರೆ ತಿರುಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇದಕ್ಕೆ ತದ್ವಿರುದ್ಧ ನಡೆದಿತ್ತು. ನಾವು ಸೇರುವ ಮುಂಚೆಯೇ ಯಾರೋ ಬೂಟ್‌ಸ್ಟ್ರ್ಯಾಪ್‌ನ ಮೂಲ ಕಡತದ ಒಳಗೇ ಕೈಹಾಕಿ ಅಲ್ಲಲ್ಲಿ ತಿದ್ದಿದ್ದರು. ಎಲ್ಲಿ ತಿದ್ದಿದೆ, ಏಕೆ ತಿದ್ದಿದೆ ಎಂದು ಬರೆದಿಟ್ಟಿರಲಿಲ್ಲ. ಹೊಸ ಆವೃತ್ತಿ ಹಾಕಿದ ದಿನ ಆ ತಿದ್ದುಪಡಿಗಳೆಲ್ಲ ಅಳಿಸಿಹೋದವು. ಹಳೆಯದಕ್ಕೆ ವಾಪಸ್ ಹೋಗಿ ಅಲ್ಲೇ ಸಿಕ್ಕಿಕೊಂಡು, ಎಷ್ಟೋ ಕಾಲ ಮುಂದಕ್ಕೆ ಹೋಗಲು ಆಗಲಿಲ್ಲ. ಸಿಕ್ಕಿಬಿದ್ದವರು ತಿದ್ದಿದವರಲ್ಲ, ಅವರ ನಂತರ ಬಂದವರು. ನಮ್ಮ ಶಾಲೆಯ ತಾಣಕ್ಕೂ ನಂತರ ಬರುವವರಿದ್ದಾರೆ, ಈ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಇನ್ನು ಅಳತೆಯ ಪ್ರಶ್ನೆ. ಬೂಟ್‌ಸ್ಟ್ರ್ಯಾಪ್‌ನ ಅಳತೆಗಳನ್ನು ಇಂಗ್ಲಿಷ್ ಅಕ್ಷರ ನೋಡಿ ತೆಗೆದಿದ್ದಾರೆ. ಕನ್ನಡದ ಮೈಕಟ್ಟು ಬೇರೆ. ರಾಷ್ಟ್ರ ಎಂದು ಬರೆದರೆ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, ಅದರ ಜೊತೆಗೆ ಇನ್ನೊಂದು ಒತ್ತು. ಕೀರ್ತಿ ಎಂದರೆ ಮೇಲೆ ಗುಡಿಸು ಏರುತ್ತದೆ, ಪಕ್ಕದಲ್ಲಿ ಅರ್ಕಾವೊತ್ತು ಕೂರುತ್ತದೆ. ಬೂಟ್‌ಸ್ಟ್ರ್ಯಾಪ್ ಸಾಮಾನ್ಯ ಬರಹಕ್ಕೆ ಅಕ್ಷರದ ಅಳತೆಯ 1.5 ಪಟ್ಟು ಸಾಲಿನ ಎತ್ತರ ಕೊಡುತ್ತದೆ, ಶೀರ್ಷಿಕೆಗೆ 1.2 ಪಟ್ಟು ಮಾತ್ರ. ಇಂಗ್ಲಿಷಿಗೆ ಅದು ಅಂದವಾಗಿರುತ್ತದೆ. ಎರಡು ಸಾಲಿಗೆ ಹೋಗುವ ಕನ್ನಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಹೋಗಿ ತಾಗುತ್ತದೆ. ನಾವು ಶೀರ್ಷಿಕೆಗೆ 1.5, ಬರಹಕ್ಕೆ 1.8 ಮಾಡಿದೆವು. ಅಕ್ಷರದ ಅಳತೆಯನ್ನು 16ರಿಂದ 18 ಪಿಕ್ಸೆಲಿಗೆ ಏರಿಸಿದೆವು. ಕನ್ನಡಕ ಮರೆತು ಬಂದ ಹಿರಿಯರೂ ಓದಲಿ ಎಂದು.

ಬೂಟ್‌ಸ್ಟ್ರ್ಯಾಪ್ ಹೇಳುವ ಅಕ್ಷರಶೈಲಿಗಳ ಪಟ್ಟಿಯಲ್ಲಿ ಕನ್ನಡದ ಶೈಲಿಯ ಹೆಸರು ಇಲ್ಲ. ಹಾಗಿದ್ದರೂ ಕನ್ನಡ ಕಾಣುತ್ತದೆ, ಏಕೆಂದರೆ ಬ್ರೌಸರ್ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಯಾವುದಾದರೂ ಕನ್ನಡ ಶೈಲಿಯನ್ನು ಹುಡುಕಿ ಹಾಕಿಕೊಳ್ಳುತ್ತದೆ. ಆದರೆ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಕಾಣುತ್ತದೆ. ನಾವು ಪಟ್ಟಿಯ ಮೊದಲಿಗೆ ನೋಟೊ ಸ್ಯಾನ್ಸ್ ಕನ್ನಡ ಎಂದು ಸೇರಿಸಿದೆವು. ಪುಟದ ತಲೆಯಲ್ಲಿ ಇದು ಕನ್ನಡ ಪುಟ ಎಂಬ ಗುರುತನ್ನೂ ಹಾಕಿದೆವು. ಕಣ್ಣು ಕಾಣದವರ ಫೋನು ಪುಟವನ್ನು ಓದಿ ಹೇಳುವಾಗ ಆ ಗುರುತು ನೋಡಿ ಕನ್ನಡದ ದನಿಯನ್ನು ಆರಿಸಿಕೊಳ್ಳಬಲ್ಲದು. ಸಿದ್ಧ ಮಾದರಿಯಲ್ಲಿ ಆ ಜಾಗದಲ್ಲಿ ಇಂಗ್ಲಿಷಿನ ಗುರುತು ಇರುತ್ತದೆ. ಯಾರ ಕಣ್ಣಿಗೂ ಬೀಳದ ಎರಡು ಅಕ್ಷರ, ಬದಲಿಸುವುದನ್ನು ಮರೆಯಬಾರದು.

ಬಣ್ಣದ ವಿಷಯವೂ ಹಾಗೆಯೇ. ತಿಳಿಬೂದು ಅಕ್ಷರ ಎ.ಸಿ. ಕೋಣೆಯ ಪರದೆಯಲ್ಲಿ ಸೊಗಸಾಗಿ ಕಾಣುತ್ತದೆ, ಬಸ್‌ಸ್ಟಾಪಿನ ಬಿಸಿಲಿನಲ್ಲಿ ಮಾಯವಾಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ವ್ಯತ್ಯಾಸಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಸಾಮಾನ್ಯ ಅಳತೆಯ ಬರಹಕ್ಕೆ ಕನಿಷ್ಠ 4.5ಕ್ಕೆ 1ರ ಅನುಪಾತ. ಬೂಟ್‌ಸ್ಟ್ರ್ಯಾಪ್‌ನ ಎಲ್ಲ ಬಣ್ಣದ ಜೋಡಿಗಳೂ ಇದನ್ನು ಮುಟ್ಟುವುದಿಲ್ಲ, ಅದನ್ನು ಅವರೇ ತಮ್ಮ ಕೈಪಿಡಿಯಲ್ಲಿ ಹೇಳಿದ್ದಾರೆ. ನಾವು ಒಂದೊಂದನ್ನೂ ಅಳೆದು ತೆಳು ಬಣ್ಣಗಳನ್ನು ಗಾಢ ಮಾಡಿದೆವು.

ತೂಕದ ಮಾತು ಇನ್ನೊಂದು. ಬೂಟ್‌ಸ್ಟ್ರ್ಯಾಪ್‌ನ ಪೂರ್ತಿ ಸಿಎಸ್ಎಸ್ 200 ಕೆಬಿ ದಾಟುತ್ತದೆ. ಕಳಿಸುವಾಗ ಒತ್ತಿ ಚಿಕ್ಕದು ಮಾಡುತ್ತಾರೆ, ಆದರೂ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಚಿತ್ರ ತಿರುಗಿಸುವ ಪಟ್ಟಿ, ತೇಲುವ ಸೂಚನೆ, ಇಂಥವು ನಮಗೆ ಬೇಕಿರಲಿಲ್ಲ. ಬೂಟ್‌ಸ್ಟ್ರ್ಯಾಪ್‌ನಲ್ಲಿ ಬೇಕಾದ ಭಾಗವನ್ನಷ್ಟೇ ಕರೆಯಲು ಅವಕಾಶ ಇದೆ. ಅಂಕಣ, ಅರ್ಜಿ, ಗುಂಡಿ, ಪಟ್ಟಿ, ಮೆನು, ಸೂಚನೆ, ಇಷ್ಟನ್ನೇ ತೆಗೆದುಕೊಂಡೆವು. ರೈಲ್ಸ್ ಇಂಥ ಕಡತದ ಹೆಸರಿಗೆ ಅದರ ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆ ಸೇರಿಸುತ್ತದೆ. ಹೀಗಾಗಿ ಒಮ್ಮೆ ಇಳಿಸಿಕೊಂಡ ಕಡತವನ್ನು ಫೋನು ತನ್ನಲ್ಲೇ ಇಟ್ಟುಕೊಳ್ಳಬಹುದು. ನಾವು ಏನಾದರೂ ಬದಲಿಸಿದಾಗ ಹೆಸರೇ ಬೇರೆಯಾಗಿ ಹೊಸದು ಬರುತ್ತದೆ. ಸಿಗ್ನಲ್ ಒಂದು ಗೆರೆ ಮಾತ್ರ ಇರುವ ಮನೆಗಳಿಗೆ ಇದು ದೊಡ್ಡ ಉಪಕಾರ.

ಎರಡು ಸಿದ್ಧ ವಸ್ತುಗಳನ್ನು ಜೋಡಿಸುವಾಗ ಒಂದಕ್ಕೊಂದು ಪರಿಚಯ ಇಲ್ಲದ ಜಾಗಗಳು ಸಿಗುತ್ತವೆ. ಅರ್ಜಿಯಲ್ಲಿ ತಪ್ಪಿದ್ದರೆ ರೈಲ್ಸ್ ಆ ಖಾನೆಯ ಸುತ್ತ ತನ್ನದೇ ಒಂದು ಹೊದಿಕೆ ಹಾಕುತ್ತದೆ. ಬೂಟ್‌ಸ್ಟ್ರ್ಯಾಪ್‌ಗೆ ಆ ಹೊದಿಕೆ ಗೊತ್ತಿಲ್ಲ. ಅದು ಎದುರು ನೋಡುವುದು ಖಾನೆಯ ಮೇಲೇ ಒಂದು ಗುರುತನ್ನು. ಪರಿಣಾಮ, ತಪ್ಪು ತುಂಬಿದ ಕೂಡಲೇ ಅರ್ಜಿಯ ಆಕಾರ ಕೆಡಬಹುದು, ಯಾವ ಖಾನೆ ತಪ್ಪು ಎಂದೂ ತಿಳಿಯದೆ ಹೋಗಬಹುದು. ಮೊದಲ ಸಲ ಅರ್ಜಿ ತುಂಬುವವರು ಹೆದರಿ ಬಿಟ್ಟುಬಿಡುವುದು ಇಂಥ ಕಡೆಯಲ್ಲೇ. ರೈಲ್ಸ್‌ನ ಆ ಹೊದಿಕೆಯನ್ನು ಬದಲಿಸಲು ಒಂದು ಸೆಟ್ಟಿಂಗ್ ಇದೆ. ಅದನ್ನು ಬಳಸಿ, ತಪ್ಪಾದ ಖಾನೆಗೆ ಕೆಂಪು ಅಂಚು, ಅದರ ಕೆಳಗೇ ಕನ್ನಡದಲ್ಲಿ ಒಂದು ಸಾಲು ಬರುವ ಹಾಗೆ ಮಾಡಿದೆವು. ಆ ಕನ್ನಡ ಸಾಲುಗಳೆಲ್ಲ ಒಂದೇ ಕಡತದಲ್ಲಿವೆ. ಕಂಪ್ಯೂಟರ್ ಗೊತ್ತಿಲ್ಲದ ಕನ್ನಡ ಶಿಕ್ಷಕರೂ ಅದನ್ನು ತೆರೆದು ಭಾಷೆ ತಿದ್ದಬಹುದು. ತಿದ್ದಿಕೊಟ್ಟಿದ್ದಾರೆ ಕೂಡ.

ಇಷ್ಟು ದೂರ ಬಟ್ಟೆಯ ಮಾತಾಯಿತು. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಅಳತೆಯನ್ನು ಮೈ ನೋಡಿಯೇ ತೆಗೆಯಬೇಕು ಎನ್ನುವುದಕ್ಕೆ ನಮ್ಮ ಅರ್ಜಿಯ ಎರಡು ಖಾನೆಗಳನ್ನು ಹೇಳುತ್ತೇನೆ.

ಒಂದು, ಹೆಸರಿನ ಖಾನೆ. ಸಿದ್ಧ ಮಾದರಿಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇರುತ್ತವೆ, ಅಕ್ಕಪಕ್ಕ, ಆರಾರು ಅಂಕಣದಲ್ಲಿ, ನೋಡಲು ಬಹಳ ಚೆಂದ. ನಮ್ಮಲ್ಲಿ ಎಷ್ಟು ಜನಕ್ಕೆ ಕೊನೆಯ ಹೆಸರು ಇದೆ? ಊರಿನ ಇನಿಷಿಯಲ್ಲು, ತಂದೆಯ ಇನಿಷಿಯಲ್ಲು, ಆಮೇಲೆ ಹೆಸರು. ಮದುವೆಯಾಗಿ ಹೋದ ಅಕ್ಕಂದಿರಿಗೆ ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ಒಂದು ಹೆಸರು, ಈಗ ಕರೆಯುವುದು ಇನ್ನೊಂದು. ನಾವು ಆ ಎರಡು ಖಾನೆ ತೆಗೆದು, ಶಾಲೆಯಲ್ಲಿದ್ದಾಗಿನ ಹೆಸರು ಎಂದು ಒಂದು, ಈಗಿನ ಹೆಸರು ಬೇರೆಯಾಗಿದ್ದರೆ ಎಂದು ಇನ್ನೊಂದು ಇಟ್ಟೆವು. ಯಾವುದರಿಂದ ಹುಡುಕಿದರೂ ಅವರು ಸಿಗುತ್ತಾರೆ.

ಎರಡು, ವರ್ಷದ ಖಾನೆ. ಮೊದಲ ಕರಡಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಎಂದಿತ್ತು. ಪಕ್ಕದಲ್ಲಿ ಕೆಂಪು ನಕ್ಷತ್ರ, ಅಂದರೆ ತುಂಬಲೇಬೇಕು. ಸಮಿತಿಯ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು, ಎಂಟನೇ ಕ್ಲಾಸಿಗೆ ಬಿಟ್ಟವರು ಏನು ತುಂಬಬೇಕು ಎಂದು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಹೊಲದ ಕೆಲಸಕ್ಕೆ, ದನ ಕಾಯಲು, ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಶಾಲೆ ಬಿಟ್ಟವರು ನಮ್ಮ ಪ್ರತಿಯೊಂದು ತಂಡದಲ್ಲೂ ಇದ್ದಾರೆ. ಈ ಪೆಂಡಾಲು ಹಾಕಿದ ಕೈಗಳಲ್ಲೂ ಅವರ ಕೈಗಳಿವೆ. ಒಂದು ಕೆಂಪು ನಕ್ಷತ್ರ ಅವರನ್ನೆಲ್ಲ ಹೊರಗೆ ನಿಲ್ಲಿಸುತ್ತಿತ್ತು, ಅದೂ ತುಂಬಾ ಅಂದವಾದ ಅಕ್ಷರದಲ್ಲಿ. ಈಗ ಆ ಖಾನೆ, ಶಾಲೆಗೆ ಸೇರಿದ ವರ್ಷ ಎಂದಿದೆ. ಪಾಸಾದ ವರ್ಷಕ್ಕೆ ನಕ್ಷತ್ರ ಇಲ್ಲ. ಬಂಧುಗಳೇ, ಇಡೀ ತಾಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಬದಲಾವಣೆ ಅದು. ಅದಕ್ಕೆ ಬೇಕಾಗಿದ್ದು ಒಂದು ಪದ ಅಳಿಸುವುದು ಮಾತ್ರ. ಆದರೆ ಆ ಪದ ಅಳಿಸಬೇಕು ಎಂದು ಯಾವ ಫ್ರೇಮ್‌ವರ್ಕೂ ನಮಗೆ ಹೇಳುತ್ತಿರಲಿಲ್ಲ.

ಇನ್ನು ಇದನ್ನು ಮುಂದೆ ನೋಡಿಕೊಳ್ಳುವವರು ಯಾರು? ಜಾಲತಾಣ ಎಂದರೆ ಕಲ್ಲಿನ ಶಾಸನ ಅಲ್ಲ. ವರ್ಷವರ್ಷ ಅದರ ಹೆಸರಿಗೆ ಹಣ ಕಟ್ಟಬೇಕು, ಭದ್ರತೆಯ ತಿದ್ದುಪಡಿ ಬಂದಾಗ ರೈಲ್ಸ್ ಹೊಸದು ಮಾಡಬೇಕು, ಇವತ್ತಲ್ಲ ನಾಳೆ ಬೂಟ್‌ಸ್ಟ್ರ್ಯಾಪ್ ಬದಲಿಗೆ ಬೇರೆಯದೇ ಬರಬಹುದು. ಈಗಲೇ ಟೈಲ್‌ವಿಂಡ್ ಎಂಬುದನ್ನು ಬಹಳ ಜನ ಬಳಸುತ್ತಿದ್ದಾರೆ. ಅದಕ್ಕೇ ಬಳಗದವರು ಎರಡು ಕೆಲಸ ಮಾಡಿದ್ದೇವೆ. ನಮ್ಮ ಬದಲಾವಣೆಗಳೆಲ್ಲ ಒಂದೇ ಚಿಕ್ಕ ಕಡತದಲ್ಲಿವೆ, ಪ್ರತಿ ಸಾಲಿನ ಮೇಲೂ ಏಕೆ ಹೀಗೆ ಮಾಡಿದೆ ಎಂದು ಕನ್ನಡದಲ್ಲಿ ಬರೆದಿದ್ದೇವೆ. ಮತ್ತೆ, ಯಾವ ಆವೃತ್ತಿ, ಯಾವ ತಿಂಗಳು ಹಣ ಕಟ್ಟಬೇಕು, ಹೊಸದಾಗಿ ಹಾಕುವುದು ಹೇಗೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಅಡ್ಮಿಷನ್ ರಿಜಿಸ್ಟರಿನ ಪಕ್ಕ ಇಟ್ಟಿದ್ದೇವೆ. ಶಾಲೆಯ ಮೊದಲ ವರ್ಷದ ಹೆಸರುಗಳು ಇವತ್ತು ನಮಗೆ ಸಿಕ್ಕಿದ್ದು ಆಗಿನ ಗುಮಾಸ್ತರು ಆ ರಿಜಿಸ್ಟರನ್ನು ಗೆದ್ದಲು ಮುಟ್ಟದ ಹಾಗೆ ಕಾಪಾಡಿದ್ದರಿಂದ. ಆ ಎಚ್ಚರ ನಮಗೂ ಇರಬೇಕು.

ಮಕ್ಕಳೇ, ನಿಮಗೆ ಆಸೆ ಇದ್ದರೆ ಮೊದಲು ಎಚ್‌ಟಿಎಂಎಲ್ ಕಲಿಯಿರಿ, ಆಮೇಲೆ ಸ್ವಲ್ಪ ಸಿಎಸ್ಎಸ್ ಅನ್ನು ಕೈಯಾರೆ ಬರೆಯಿರಿ, ಒಂದು ಗುಂಡಿಯನ್ನು ನೀವೇ ಹೊಲಿದು ನೋಡಿ. ಬೂಟ್‌ಸ್ಟ್ರ್ಯಾಪ್ ಆಮೇಲೆ ಸಾಕು. ಹೊಲಿಗೆ ಗೊತ್ತಿರುವವರಿಗೆ ಸಿದ್ಧ ಉಡುಪಿನ ತೊಂದರೆ ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ಬಳಗದ ಕೆಲವರು ರಜಾ ದಿನಗಳಲ್ಲಿ ಬಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹೇಳಿಕೊಡಲು ಒಪ್ಪಿದ್ದಾರೆ. ಬೇರೆ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಈ ಕೆಲಸ ಬಲ್ಲವರು ದಯವಿಟ್ಟು ಹೆಸರು ಕೊಡಿ.

ಊರಿನವರಲ್ಲಿ ಒಂದು ಕೋರಿಕೆ. ಇವತ್ತು ಮನೆಗೆ ಹೋದ ಮೇಲೆ ತಾಣ ತೆರೆದು ನಿಮ್ಮ ಹೆಸರು ಹುಡುಕಿ. ಅಕ್ಷರ ಚಿಕ್ಕದಾಯಿತು, ಗುಂಡಿ ಕಾಣಲಿಲ್ಲ, ಹೆಸರು ತಪ್ಪಾಗಿದೆ ಎಂದರೆ ಸಂಕೋಚಪಡದೆ ಹೇಳಿ. ನಿಮಗೆ ಓದಲು ಬರದೆ ಹೋದರೆ ತಿದ್ದಿಕೊಳ್ಳಬೇಕಾದ್ದು ತಾಣ, ನೀವಲ್ಲ. ಶಾಲೆ ಅರ್ಧಕ್ಕೆ ಬಿಟ್ಟ ನಿಮ್ಮ ಪಕ್ಕದ ಮನೆಯವರಿಗೂ ಹೇಳಿ, ಅವರ ಹೆಸರಿಗೂ ಅಲ್ಲಿ ಜಾಗ ಇದೆ.